ಡಿ-ಡಿಐಎ ವಿರೂಪಣ ಯಂತ್ರ: ಏಕಸ್ಫಟಿಕಗಳ ಅಧ್ಯಯನದ ದೃಷ್ಟಿಯಿಂದ ಒಂದು ವಿಮರ್ಶೆ

ನೀಲಮಣಿಯಂತಹ ಸೆರಾಮಿಕ್ ಏಕಸ್ಫಟಿಕವನ್ನು (ಉದ್ದಕ್ಕೂ ಒಂದೇ ಜೋಡಣೆಯಿರುವ ಹರಳನ್ನು) ಕೋಣೆಯ ಉಷ್ಣತೆಯಲ್ಲಿ ಒಂದೇ ದಿಕ್ಕಿನಿಂದ ಒತ್ತಿದರೆ ಅದು ಸಿಡಿದು ಚೂರಾಗುತ್ತದೆ. ಎಲ್ಲ ದಿಕ್ಕುಗಳಿಂದಲೂ ಬಲವಾಗಿ ಅದುಮಿ ಹಿಡಿದು ಕಾಯಿಸಿದಾಗ ಬಿರುಕು ಬಾಯಿ ತೆರೆಯಲು ಆಸ್ಪದವಿಲ್ಲದೆ, ಹರಳಿನೊಳಗಿನ ಪರಮಾಣು ಜೋಡಣೆಯ ಗೆರೆಯಂತಹ ದೋಷಗಳಾದ ಡಿಸ್‌ಲೊಕೇಶನ್‌ಗಳು ಜಾರತೊಡಗುತ್ತವೆ. ಈ ಜಾರುವಿಕೆಯನ್ನು ಅಳೆಯಲು ಯಾನ್‌ಬಿನ್ ವಾಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಡಿ-ಡಿಐಎ (ಡಿಫಾರ್ಮೇಶನ್-ಡಿಐಎ) ಯಂತ್ರ ಇಂದಿಗೂ ನನ್ನ ಮೊದಲ ಆಯ್ಕೆ.

ಹಳೆಯ ಡಿಐಎ ಯಂತ್ರದಲ್ಲಿ ಗಟ್ಟಿ ಒತ್ತುಗಟ್ಟೆಗಳಾದ ಆರು ಅನ್ವಿಲ್‌ಗಳು ಮಾದರಿಯಿರುವ ಘನಾಕೃತಿಯ ಕೋಶವನ್ನು ಒಟ್ಟಿಗೆ ಒತ್ತುತ್ತಿದ್ದವು. ಡಿ-ಡಿಐಎಯಲ್ಲಿ ಮೇಲಿನ ಮತ್ತು ಕೆಳಗಿನ ಅನ್ವಿಲ್‌ಗಳಿಗೆ ಅವನ್ನು ಬೇರೆಯಾಗಿ ತಳ್ಳುವ ರ‍್ಯಾಮ್‌ಗಳಿರುವುದರಿಂದ, ಸುತ್ತಲಿನ ಒತ್ತಡವನ್ನು ಸ್ಥಿರವಾಗಿಟ್ಟುಕೊಂಡೇ ಮಾದರಿಯನ್ನು ಕುಗ್ಗಿಸಬಹುದು, ಹಿಗ್ಗಿಸಲೂಬಹುದು. 15 ಗಿಗಾಪಾಸ್ಕಲ್‌ವರೆಗಿನ ಒತ್ತಡದಲ್ಲಿ, ಒಂದೆರಡು ಮಿಲಿಮೀಟರ್ ಉದ್ದದ ಮಾದರಿಯನ್ನು ಶೇ. 30ರಷ್ಟು ವಿರೂಪಗೊಳಿಸಿ ತೋರಿಸಿದ್ದಾರೆ.

ಏಕಸ್ಫಟಿಕಗಳ ವಿಷಯದಲ್ಲಿ ಇದರ ಹೆಚ್ಚುಗಾರಿಕೆ ಹೋಲಿಕೆಯಲ್ಲಿದೆ. ಬೇರೆ ಬೇರೆ ದಿಕ್ಕಿನಲ್ಲಿ ಕತ್ತರಿಸಿದ ಎರಡು ಹರಳುಗಳನ್ನು ಒಂದರ ಮೇಲೊಂದಿಟ್ಟು, ನಡುವೆಯೂ ತುದಿಗಳಲ್ಲಿಯೂ ತೆಳುವಾದ ಲೋಹದ ಹಾಳೆ ಇಡುತ್ತಾರೆ. ಸಿಂಕ್ರೊಟ್ರಾನ್ ಎಂಬ ಕಣವೇಗವರ್ಧಕದಿಂದ ಬರುವ ಎಕ್ಸ್-ರೇಗಳ ಚಿತ್ರದಲ್ಲಿ ಈ ಹಾಳೆಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಗೆರೆಗಳ ನಡುವಣ ಅಂತರ ಕಡಿಮೆಯಾಗುತ್ತ ಹೋಗುವುದನ್ನು ನೋಡುತ್ತಲೇ, ಒಂದೇ ಹೊರೆಯ ಕೆಳಗೆ ಯಾವ ಹರಳು ಬೇಗ ಮಣಿಯುತ್ತಿದೆ ಎಂದು ತಿಳಿಯುತ್ತದೆ. ಒತ್ತಡ ಏರಿದಂತೆ, ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್‌ನಲ್ಲಿ ಹೇರಳವಾಗಿರುವ ಖನಿಜ ಆಲಿವಿನ್‌ನಲ್ಲಿ ಜಾರುವ ದಿಕ್ಕೇ ಬದಲಾಗುತ್ತದೆ ಎಂಬ ಮಹತ್ವದ ಸಂಗತಿಯನ್ನು ಪಾಲ್ ರಾಟೆರಾನ್ ಮತ್ತು ಸಹೋದ್ಯೋಗಿಗಳು ಇಂತಹ ಪ್ರಯೋಗಗಳಿಂದಲೇ ಗಟ್ಟಿಗೊಳಿಸಿದರು. ಭೂಮಿಯ ಮ್ಯಾಂಟಲ್ ಹೇಗೆ ಹರಿಯುತ್ತದೆ ಎಂದು ಚಿಂತಿಸುವವರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಬೇಕಿಲ್ಲ.

ಮಿತಿಗಳೂ ಗಂಭೀರವಾಗಿವೆ. ಪ್ರತಿಬಲವನ್ನು (ಮಾದರಿಯ ಘಟಕ ಕ್ಷೇತ್ರದ ಮೇಲಿನ ಬಲವನ್ನು) ಸಾಮಾನ್ಯವಾಗಿ ಹರಳಿನಿಂದಲ್ಲ, ಅದರ ಜೊತೆಗಿರುವ ಅಲ್ಯೂಮಿನಾದಂತಹ ಬಹುಸ್ಫಟಿಕ ಪಿಸ್ಟನ್‌ನ ಎಕ್ಸ್-ರೇ ವಿವರ್ತನೆಯಿಂದ (ಕಿರಣಗಳು ಚದುರುವ ಬಗೆಯಿಂದ) ಲೆಕ್ಕ ಹಾಕಬೇಕು. ಈ ಲೆಕ್ಕದಲ್ಲಿ 20–30 ಮೆಗಾಪಾಸ್ಕಲ್‌ನಷ್ಟು ದೋಷ ಉಳಿಯುತ್ತದೆ. ಹೆಚ್ಚಿನ ಉಷ್ಣತೆಯಲ್ಲಿ ಹರಳು ಮೆತ್ತಗಾದಾಗ ಈ ದೋಷವೇ ಅಳತೆಯ ಬಹುಪಾಲನ್ನು ನುಂಗಿಬಿಡುತ್ತದೆ. ಆದ್ದರಿಂದ ಹರಳಿನ ನಿಖರ ಬಲವೇ ಬೇಕೆನ್ನುವವರು, ಸುಮಾರು 0.3 ಗಿಗಾಪಾಸ್ಕಲ್ ಒತ್ತಡಕ್ಕೆ ತೃಪ್ತರಾಗುವುದಾದರೆ, ಅನಿಲದಿಂದ ಒತ್ತಡ ಕೊಡುವ ಪ್ಯಾಟರ್ಸನ್ ಯಂತ್ರಕ್ಕೆ ಹೋಗುವುದು ಲೇಸು. ಡಿಸ್‌ಲೊಕೇಶನ್‌ಗಳನ್ನು ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಉದ್ದೇಶವಿದ್ದರೆ, ಕುಲುಮೆಯ ವಿದ್ಯುತ್ತನ್ನು ಥಟ್ಟನೆ ಕಡಿದು, ಒತ್ತಡವನ್ನು ಮಾತ್ರ ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ಅವಸರಪಟ್ಟರೆ ಹರಳು ಒಡೆಯುವ ಅಪಾಯವಿದೆ.