ಟೈಮಿಂಗ್ ಕಿಟ್ ಹಾಕಿದ್ದೇವೆ ಅಂದರೆ ನಂಬಬೇಡಿ, ಹಳೇ ಸಾಮಾನು ಕೇಳಿ ತೆಗೆದುಕೊಳ್ಳಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡು ಮೀನು, ಅಡಿಕೆ, ಚಿರೆಕಲ್ಲು ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಗಾಡಿ ಮೂರು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಕಾರವಾರದ ಬೈತಖೋಲ್ ಬಂದರಿನಿಂದ ಹುಬ್ಬಳ್ಳಿಗೆ ಮೀನು ಒಯ್ಯುವುದೇ ಅದರ ಕೆಲಸ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಿಂದ ಖರಖರ ಸದ್ದು ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಅದು ಟೈಮಿಂಗ್ ಚೈನಿನ ಸದ್ದು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನಿಂದ ವಾಲ್ವು ತೆರೆಯುವ ಕ್ಯಾಮನ್ನು ತಿರುಗಿಸುವುದು ಈ ಚೈನೇ. ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಆಯಿಲ್ ಒತ್ತಡದ ಮೇಲೆ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆ ಒತ್ತಡ ಏರಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಸವೆದು ಉದ್ದವಾದ ಚೈನು, ಅದು ಅಲುಗದಂತೆ ಪಕ್ಕದಲ್ಲಿ ಹಿಡಿಯುವ ಪಟ್ಟಿಗೆ, ಅಂದರೆ ಗೈಡಿಗೆ, ಬಡಿಯುತ್ತದೆ. ಗ್ಯಾರೇಜಿನವರೂ ಅದನ್ನೇ ಹೇಳಿದರು. ಅಲ್ಲಿಯವರೆಗೆ ಎಲ್ಲ ಸರಿ.

ಪೂರ್ತಿ ಕಿಟ್, ಅಂದರೆ ಚೈನಿನ ಜೊತೆ ಗೈಡು, ಟೆನ್ಶನರ್, ಚೈನು ಕೂರುವ ಹಲ್ಲಿನ ಚಕ್ರಗಳು (ಸ್ಪ್ರಾಕೆಟ್) ಎಲ್ಲ ಹಾಕಿ ಎಂದು ಬಾಯಿಬಿಟ್ಟು ಹೇಳಿದ್ದೆವು. ಬಿಲ್ಲಿನಲ್ಲಿ 'ಟೈಮಿಂಗ್ ಕಿಟ್' ಅಂತಲೇ ಬರೆದು ದುಡ್ಡು ತೆಗೆದುಕೊಂಡರು. ಸದ್ದೂ ಹೋಯಿತು.

ಮಳೆಗಾಲ ಮುಗಿದು ಸೀಸನ್ ಜೋರಾದಾಗ, ಒಂದು ರಾತ್ರಿ ಬಂಗುಡೆ ಲೋಡಿನ ಜೊತೆ ಅರಬೈಲ್ ಘಾಟಿ ಹತ್ತುವಾಗ ಟಕ್ ಅಂತ ಒಂದು ಸದ್ದು, ಎಂಜಿನ್ ಬಂದ್. ಹಿಂದೆ ಲಾರಿಗಳ ಸಾಲು. ಬೇರೆ ಗಾಡಿ ಬಂದು ಕ್ರೇಟು ಬದಲಾಯಿಸುವಷ್ಟರಲ್ಲಿ ಐಸು ಕರಗಿ ನೀರು ರಸ್ತೆಗೆ ಹರಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಆ ಮೀನಿಗೆ ಅರ್ಧ ರೇಟೂ ಸಿಗಲಿಲ್ಲ.

ಯಲ್ಲಾಪುರದ ಒಬ್ಬ ಮೇಸ್ತ್ರಿ ನಮ್ಮೆದುರೇ ಕವರ್ ಬಿಚ್ಚಿದರು. ಚೈನು ಹೊಸದು, ಇನ್ನೂ ಹೊಳೆಯುತ್ತಿತ್ತು. ಅದರ ಪಕ್ಕದ ಪ್ಲಾಸ್ಟಿಕ್ ಗೈಡ್ ಮಾತ್ರ ಕಪ್ಪು ಕಂದು ಬಣ್ಣಕ್ಕೆ ತಿರುಗಿತ್ತು, ಚೈನು ಉಜ್ಜಿ ಉಜ್ಜಿ ಎರಡು ಆಳದ ಗೆರೆ ಬಿದ್ದಿದ್ದವು, ಕೆಳಗಿನ ತುಂಡು ಮುರಿದು ಹೋಗಿತ್ತು. ಆ ತುಂಡು ಸಿಕ್ಕಿದ್ದು ಆಯಿಲ್ ಚೇಂಬರಿನಲ್ಲಿ, ಪಂಪಿನ ಸ್ಟ್ರೈನರ್ ಜಾಲರಿಗೆ ಅಂಟಿಕೊಂಡು. ಕ್ರ್ಯಾಂಕ್ ಸ್ಪ್ರಾಕೆಟ್ ಕೂಡ ಹಳೆಯದೇ, ಹಲ್ಲುಗಳು ಸವೆದು ಒಂದೇ ಕಡೆ ಬಾಗಿದ್ದವು. ಅಂದರೆ ಹಾಕಿದ್ದು ಚೈನು ಒಂದೇ! ಗೈಡ್ ಮುರಿದು ಚೈನು ಸ್ಪ್ರಾಕೆಟ್ಟಿನ ಹಲ್ಲು ದಾಟಿ ಜಾರಿದೆ, ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗಿವೆ. ಪಿಸ್ಟನ್ ತಲೆ ಮೇಲೆ ಅರ್ಧಚಂದ್ರದ ಗುರುತುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಾಕದೆ ಉಳಿಸಿದ ಗೈಡು, ಸ್ಪ್ರಾಕೆಟ್ಟಿನ ಬೆಲೆ ಎಷ್ಟು, ವಾಲ್ವುಗಳಿರುವ ಎಂಜಿನ್ ಹೆಡ್ ಬಿಚ್ಚಿ ಮಾಡುವ ಕೆಲಸದ ಖರ್ಚು ಎಷ್ಟು, ನೀವೇ ಲೆಕ್ಕ ಹಾಕಿ.

ಮೊದಲ ಗ್ಯಾರೇಜಿಗೆ ಫೋನ್ ಮಾಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು. ಲೋಡು ಜಾಸ್ತಿ ಆಗಿರಬೇಕು, ಆಯಿಲ್ ಸರಿ ಇಲ್ಲದಿರಬಹುದು, ಹೀಗೇ. ಹಳೇ ಸಾಮಾನು ಎಲ್ಲಿ ಅಂದರೆ ಗುಜರಿಗೆ ಹೋಯಿತು ಅಂದರು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಘಾಟಿಯಲ್ಲಿ ಆ ಹೊತ್ತಿಗೆ ಏನು ಬೇಕಾದರೂ ಆಗಬಹುದಿತ್ತು, ಡ್ರೈವರಿಗೂ ಮನೆ ಮಕ್ಕಳು ಇದ್ದಾರಲ್ವಾ?

ಹಾಗಾಗಿ ಕೆಲಸ ಕೊಡುವ ಮೊದಲೇ ಮಾತಾಡಿ. ಚೈನು, ಎಲ್ಲ ಸ್ಪ್ರಾಕೆಟ್ಟು, ಗೈಡುಗಳು, ಟೆನ್ಶನರ್, ಮುಂದಿನ ಕ್ರ್ಯಾಂಕ್ ಆಯಿಲ್ ಸೀಲು, ಒಂದೊಂದನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಬರೀ 'ಕಿಟ್' ಅಂತ ಬರೆದರೆ ಒಪ್ಪಬೇಡಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಳೇ ಸಾಮಾನೆಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಡಲು ಹೇಳಿ, ಗೈಡ್ ಮುರಿದಿದ್ದರೆ ಚೇಂಬರ್ ಬಿಚ್ಚಿ ಸ್ಟ್ರೈನರ್ ತೊಳೆಸದೆ ಬಿಡಬೇಡಿ, ಯಾಕೆಂದರೆ ಆ ಚೂರು ಆಯಿಲ್ ದಾರಿ ಕಟ್ಟಿದರೆ ಬೇರಿಂಗೂ ಹೋಗುತ್ತದೆ.

ಇನ್ನೊಂದು. ಜೋಡಿಸಿದ ಕೂಡಲೇ ಕೀ ತಿರುಗಿಸಲು ಬಿಡಬೇಡಿ. ಮೊದಲು, ಜೋಡಿಸುವಾಗ ಟೆನ್ಶನರನ್ನು ಒತ್ತಿ ಹಿಡಿಯಲು ಹಾಕುವ ಲಾಕ್ ಪಿನ್ ಇದ್ದರೆ ತೆಗೆದಿದ್ದಾರಾ ನೋಡಿ. ಆಮೇಲೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ, ಎಂಜಿನ್ ತಿರುಗುವ ದಿಕ್ಕಿಗೇ, ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಆಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ, ಸ್ಪ್ರಾಕೆಟ್ ಮೇಲಿನ ಗುರುತುಗಳು ಮತ್ತೆ ಸರಿಯಾಗಿ ಕೂಡಬೇಕು. ಜೋಡಿಸುವಾಗ ಗುರುತಿಗೆ ಹೊಂದಿಸಿದ ಚೈನಿನ ಬಣ್ಣದ ಕೊಂಡಿ ಸಾಮಾನ್ಯವಾಗಿ ಅದೇ ಜಾಗಕ್ಕೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡದೆ ಬಿಚ್ಚಿ ನೋಡಿಸಿ.

ನಿಮ್ಮ ಎಂಜಿನ್ನಿನಲ್ಲಿ ಚೈನಿನ ಬದಲು ಬೆಲ್ಟ್ ಇದ್ದರೆ ಸದ್ದಿಗೆ ಕಾಯಲೇಬೇಡಿ, ಅದು ಹೇಳದೆ ಕೇಳದೆ ತುಂಡಾಗಬಹುದು. ಗಾಡಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೇ ಬದಲಾಯಿಸಿ.

ದಾರಿಯಲ್ಲಿ ಹೀಗೆ ಗಾಡಿ ನಿಂತುಬಿಟ್ಟರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಇಳಿಜಾರು ಇದೆ ಅಂತ ಗೇರಿಗೆ ಹಾಕಿ ಸ್ಟಾರ್ಟ್ ಮಾಡಲು ಹೋಗಲೇಬೇಡಿ, ಬಾಗಿದ ವಾಲ್ವು ಇನ್ನಷ್ಟು ಬಡಿದು ಪಿಸ್ಟನ್ನೇ ಒಡೆಯಬಹುದು. ಎಂಜಿನ್ ಬಂದ್ ಆದಾಗ ಬ್ರೇಕು, ಸ್ಟೇರಿಂಗು ಎರಡೂ ಗಟ್ಟಿಯಾಗುತ್ತವೆ. ಅದಕ್ಕೇ ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಸುವುದೂ ಬೇಡ. ಚಕ್ರಕ್ಕೆ ಕಲ್ಲು ಕೊಟ್ಟು, ಸಿಗ್ನಲ್ ಹಾಕಿ, ಗಾಡಿ ಹೊತ್ತು ಒಯ್ಯುವ ಟೋಯಿಂಗ್ ಲಾರಿಯನ್ನೇ ಕರೆಸಿ.