ಒಂದೇ ಸ್ಕ್ಯಾನ್, ಎರಡು ಲೆಕ್ಕ: ಪೋರ್ ನೆಟ್‌ವರ್ಕೋ, ಲ್ಯಾಟಿಸ್ ಬೋಲ್ಟ್ಸ್‌ಮನ್ನೋ?

ಮುಂಬೈ ಹೈನ ಎಣ್ಣೆ ಕೂತಿರುವುದು ಹೆಚ್ಚಾಗಿ ಸುಣ್ಣಕಲ್ಲಿನಲ್ಲೇ. ಅಂಥ ಕಲ್ಲಿನೊಳಗೆ ಎಣ್ಣೆ ಎಷ್ಟು ಸರಾಗವಾಗಿ ಹರಿದೀತು ಎಂದು ಮೈಕ್ರೋ ಸಿಟಿ (ಕಲ್ಲಿನ ಒಳಗನ್ನು ತೋರುವ ಎಕ್ಸ್-ರೇ ಸ್ಕ್ಯಾನ್) ಚಿತ್ರದಿಂದಲೇ ಲೆಕ್ಕ ಹಾಕುವ ಎರಡು ವಿಧಾನಗಳನ್ನು ನನ್ನ 16 ಜಿಬಿ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆ. ಪೋರ್ ನೆಟ್‌ವರ್ಕ್ ಕಲ್ಲಿನ ರಂಧ್ರಗಳನ್ನು ಗುಂಡು ಕೊಳವೆಗಳ ಜಾಲವೆಂದು ಸರಳಗೊಳಿಸುತ್ತದೆ; ಲ್ಯಾಟಿಸ್ ಬೋಲ್ಟ್ಸ್‌ಮನ್ ಚಿತ್ರದಲ್ಲಿರುವ ರಂಧ್ರದ ಆಕಾರದಲ್ಲೇ ದ್ರವದ ಹರಿವನ್ನು ಲೆಕ್ಕ ಹಾಕುತ್ತದೆ. ಚಿತ್ರಗಳು ಲಂಡನ್ನಿನ ಇಂಪೀರಿಯಲ್ ಕಾಲೇಜು ಎಲ್ಲರಿಗೂ ತೆರೆದಿಟ್ಟವು. ಚಿತ್ರದ ಒಂದೊಂದು ಪುಟ್ಟ ಘನವೂ ಒಂದು ವೋಕ್ಸೆಲ್; ಅದರ ಬದಿ ಸುಮಾರು 3 ಮೈಕ್ರಾನ್.

ಮೊದಲು ಇಂಗ್ಲೆಂಡಿನ ಕೆಟನ್ ಕಲ್ಲು. ರಾಗಿ ಕಾಳಿಗಿಂತ ಸಣ್ಣ ಉರುಟು ಓಯಿಡ್‌ಗಳು (ಸುಣ್ಣದ ಕಾಳುಗಳು), ನಡುವೆ ಅಗಲವಾದ ರಂಧ್ರಗಳು. ಪೋರ್‌ಸ್ಪೈ ತಂತ್ರಾಂಶದಲ್ಲಿ ರಂಧ್ರಗಳ ಜಾಲ ಬಿಡಿಸಿ, ಅದರ ಹರಿವನ್ನು ಲೆಕ್ಕ ಹಾಕುವ ಓಪನ್‌ಪಿಎನ್‌ಎಮ್ ತಂತ್ರಾಂಶಕ್ಕೆ ಕೊಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ. ಲ್ಯಾಟಿಸ್ ಬೋಲ್ಟ್ಸ್‌ಮನ್ನಿಗೆ ಮೆಮೊರಿಯದೇ ಚಿಂತೆ. 400 ಬದಿಯ ಘನವೆಂದರೆ 6.4 ಕೋಟಿ ವೋಕ್ಸೆಲ್. ಪ್ರತಿಯೊಂದಕ್ಕೂ ದ್ರವ ಸಾಗುವ 19 ದಿಕ್ಕಿನ ಸಂಖ್ಯೆ ಇಟ್ಟರೆ ಒಂದು ಪ್ರತಿಗೇ 9.7 ಜಿಬಿ; ಎರಡು ಪ್ರತಿ ಇಟ್ಟರೆ 16 ಜಿಬಿ ಸಾಲದು. 200ಕ್ಕೆ ಇಳಿಸಿ, ರಾತ್ರಿಯಿಡೀ ಓಡಲು ಬಿಟ್ಟೆ. ಅದೇ ತುಂಡಿನ ಮೇಲೆ ಎರಡೂ ಉತ್ತರಗಳು ಹತ್ತಿರ ಹತ್ತಿರ ಬಂದವು. ಆದರೂ ಇಲ್ಲಿ ನನ್ನ ನಂಬಿಕೆ ಲ್ಯಾಟಿಸ್‌ ಮೇಲೆಯೇ, ಏಕೆಂದರೆ ಅದು ಅಂಕುಡೊಂಕಾದ ಕಂಡಿಯನ್ನು ಗುಂಡು ಕೊಳವೆಯೆಂದು ಭಾವಿಸುವುದಿಲ್ಲ. ಒಂದು ಎಚ್ಚರಿಕೆ: ಲ್ಯಾಟಿಸ್‌ನ ಸರಳ ಬಿಜಿಕೆ ರೂಪದಲ್ಲಿ ದ್ರವದ ಸ್ನಿಗ್ಧತೆ ಬದಲಿಸಿದರೆ ಕಲ್ಲಿನ ಪರ್ಮಿಯಬಿಲಿಟಿಯೇ (ದ್ರವವನ್ನು ಹರಿಯಗೊಡುವ ಗುಣ) ಬದಲಾದಂತೆ ಕಾಣುತ್ತದೆ. ಎರಡು ರಿಲ್ಯಾಕ್ಸೇಶನ್ ಸಮಯದ (ಹರಿವು ಸಮತೋಲಕ್ಕೆ ಮರಳುವ ಸಮಯ) ಟಿಆರ್‌ಟಿ ರೂಪವನ್ನೇ ಬಳಸಿ.

ಫ್ರಾನ್ಸಿನ ಎಸ್ತಯಾದ್ ಕಲ್ಲಿಗೆ ಬಂದಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ಇದು ಚಿಪ್ಪು, ಜೀವಿಗಳ ಚೂರುಗಳಿಂದಾದ ಕಲ್ಲು. ಆ ಚೂರುಗಳ ಒಳಗೇ ಸ್ಕ್ಯಾನಿಗೆ ನಿಲುಕದಷ್ಟು ಸಣ್ಣ ರಂಧ್ರಗಳಿವೆ. ಚಿತ್ರದಲ್ಲಿ ಅವು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಬರೀ ಬೂದು. ಆ ಬೂದನ್ನು ರಂಧ್ರಕ್ಕೋ ಕಲ್ಲಿಗೋ ಸೇರಿಸುವ ಗೆರೆಯನ್ನು ಕೊಂಚ ಸರಿಸಿದರೂ ಎರಡೂ ವಿಧಾನಗಳ ಉತ್ತರ ಜಿಗಿಯುತ್ತಿತ್ತು. ವಿಧಾನಗಳ ನಡುವಿನ ಅಂತರಕ್ಕಿಂತ ಈ ಜಿಗಿತವೇ ದೊಡ್ಡದು. ವಾರಗಟ್ಟಲೆ ಸಾಲ್ವರ್ (ಹರಿವಿನ ಲೆಕ್ಕ ಬಿಡಿಸುವ ವಿಧಾನ) ಬಗ್ಗೆ ತಲೆ ಕೆಡಿಸಿಕೊಂಡವನಿಗೆ ನಿಜವಾದ ತೊಡಕು ಅದಕ್ಕೂ ಮೊದಲೇ, ಚಿತ್ರವನ್ನು ವಿಂಗಡಿಸುವ ಹಂತದಲ್ಲೇ ಇತ್ತು ಎಂದು ಆಗ ತಿಳಿಯಿತು.

ಬೂದನ್ನು ಮೂರನೇ ಬಗೆಯೆಂದೇ ಉಳಿಸಿಕೊಂಡ ಮೇಲೆ ನೆಟ್‌ವರ್ಕ್ ಮುಂದಾಯಿತು. ಒಂದೇ ಬೂದು ಚೂರನ್ನು ತಾಗುವ ಎರಡು ರಂಧ್ರಗಳ ನಡುವೆ ತೆಳು ಕೊಂಡಿಯೊಂದನ್ನು ಹೆಣೆದರೆ ಸಾಕು. ಲ್ಯಾಟಿಸ್‌ನಲ್ಲಿ ಬೂದು ವೋಕ್ಸೆಲ್ ಒಂದೊಂದಕ್ಕೂ ತಡೆಯ ಪ್ರಮಾಣ ಊಹಿಸಬೇಕು. ಈಗ ಎಸ್ತಯಾದ್‌ಗೆ ನಾನು ಓಡಿಸುವುದು ನೆಟ್‌ವರ್ಕನ್ನೇ. ಅದರ ಕೊಳವೆಗಳ ಅಳತೆಯನ್ನು ಮಾತ್ರ 200ರ ತುಂಡೊಂದರಲ್ಲಿ ಲ್ಯಾಟಿಸ್‌ಗೆ ತಾಳೆ ನೋಡಿ ತಿದ್ದಿಕೊಳ್ಳುತ್ತೇನೆ.