ಅಮೆರಿಕದ ಡಾಲರೋ, ಬೆಳಗಾವಿಯ ರೂಪಾಯಿಯೋ?

ಅಮೆರಿಕದಲ್ಲಿ ವರ್ಷಕ್ಕೆ 60,000 ಡಾಲರ್, ಬೆಳಗಾವಿಯಲ್ಲಿ 12 ಲಕ್ಷ ರೂಪಾಯಿ. ಯಾವುದನ್ನು ಒಪ್ಪಿಕೊಳ್ಳಲಿ ಎಂದು ಅಕ್ಕನ ಮಗ ಕೇಳಿದ್ದಾನೆ.

ವಿನಿಮಯ ದರವೊಂದನ್ನೇ ನೋಡಿ ಮರುಳಾಗಬೇಡಪ್ಪ. 2017ರಲ್ಲಿ ಡಾಲರಿಗೆ ಸುಮಾರು 65 ರೂಪಾಯಿ ಇತ್ತು. ಆದರೆ ಅದೇ ವರ್ಷ ವಿಶ್ವ ಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಅಷ್ಟೇ ಸಾಮಾನು-ಸೇವೆ ಕೊಳ್ಳಲು ಎಷ್ಟು ಬೇಕು ಎಂದು ನೋಡಿದರೆ, ಅಲ್ಲಿನ ಒಂದು ಡಾಲರಿಗೆ ಇಲ್ಲಿನ 20.65 ರೂಪಾಯಿ ಸಮವಾಗಿತ್ತು. ಆ ಲೆಕ್ಕಕ್ಕೆ 60,000 ಡಾಲರ್ ಎಂದರೆ 12.4 ಲಕ್ಷ. ಬಾಡಿಗೆ, ಕ್ಷೌರ, ಖಾನಾವಳಿಯ ರೊಟ್ಟಿ ಊಟ ಇಲ್ಲಿ ಅಗ್ಗ. ಇವು ಹಡಗೇರಿ ಬರುವ ಸರಕಲ್ಲ, ಹಾಗಾಗಿ ಊರಿನ ಕೂಲಿಗೆ ತಕ್ಕ ಬೆಲೆ. ದೇಶದಿಂದ ದೇಶಕ್ಕೆ ಸಾಗುವ ಮೊಬೈಲಿಗೆ ಆ ಅನುಕೂಲವಿಲ್ಲ.

ದುಡಿದಲ್ಲೇ ಸಂಸಾರ ನಡೆಸುವುದಾದರೆ ಬೆಳಗಾವಿ ಸೋಲುವುದಿಲ್ಲ, ತಂದೆತಾಯಿಯೂ ಹತ್ತಿರವಿರುತ್ತಾರೆ. ಊರಿನ ಸಾಲ ತೀರಿಸಬೇಕಿದ್ದರೆ ಅಮೆರಿಕವೇ ಮೇಲು: ಅಲ್ಲಿ ಉಳಿಸಿ ಕಳುಹಿಸಿದ ಡಾಲರ್ ವಿನಿಮಯ ದರದಲ್ಲೇ ಕೈಸೇರುತ್ತದೆ.